ಏರುಪೇರು ಇರಬೇಕ್ರಿ

ಅಳೆಯುವ ಸಾಧನಗಳನ್ನು ಅಳೆಯುವುದು ನನ್ನ ಕೆಲಸ. ಪುಣೆಯ ಹತ್ತಿರದ ರಾಂಜಣಗಾಂವದ ಒಂದು ಕಾರ್ಖಾನೆಯ ಗೇಜ್ ರೂಮಿನಲ್ಲಿ ಹದಿನೇಳು ವರ್ಷಗಳಿಂದ ಇದ್ದೇನೆ. ಯಂತ್ರದ ಮುಂದೆ ನಿಲ್ಲುವವರು ಬಳಸುವ ಮೈಕ್ರೋಮೀಟರು, ವರ್ನಿಯರುಗಳು ಆರು ತಿಂಗಳಿಗೊಮ್ಮೆ ನನ್ನ ಮೇಜಿಗೆ ಬರುತ್ತವೆ. ಸರಿಯಾಗಿ ಅಳೆಯುತ್ತಿದ್ದರೆ ಹಸಿರು ಚೀಟಿ ಅಂಟಿಸುತ್ತೇನೆ. ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಹಸಿರು ಚೀಟಿ ಬಿದ್ದ ಮೇಲೆ ಆ ಸಾಧನ ಹೇಳಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲ.

ನಮ್ಮ ಕೋಣೆಯಲ್ಲಿ ಹೊಸಬರಿಗೆ ಮೊದಲ ದಿನವೇ ಎರಡು ಮಾತು ಹೇಳಿಕೊಡುತ್ತೇವೆ. ಒಂದೇ ವಸ್ತುವಿನ ಬಗ್ಗೆ ಎರಡು ಸಾಧನಗಳು ಬೇರೆ ಬೇರೆ ಹೇಳಿದರೆ ಕೆಲಸ ನಿಲ್ಲಿಸಬೇಕು. ಯಾವುದು ನಿಜವೆಂದು ತಿಳಿಯುವವರೆಗೆ ಮುಂದೆ ಹೋಗಬಾರದು. ಇನ್ನೊಂದು, ಪುಸ್ತಕದಲ್ಲಿ ತಪ್ಪು ಬರೆದರೆ ಅಳಿಸಬಾರದು. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಬೇಕು. ಗೆರೆಯ ಕೆಳಗೆ ಮೊದಲು ಏನಿತ್ತೆಂದು ಓದಲು ಬರುವಂತಿರಬೇಕು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನಾನು ಒಬ್ಬರ ಹೃದಯದ ಅಂಕಿಗೆ ಹಸಿರು ಕೊಟ್ಟೆ. ಅವರು ನನ್ನನ್ನು ನಂಬಿ ಓಡಿದರು. ಆರು ಗಂಟೆ ಹನ್ನೆರಡು ನಿಮಿಷಕ್ಕೆ ಅವರ ಮಾತು ನಿಂತಿತು. ಅದು ಹೇಗಾಯಿತೆಂದು ಕ್ರಮವಾಗಿ ಬರೆಯಲು ಪ್ರಯತ್ನಿಸುತ್ತೇನೆ.

ಅವರನ್ನು ನಾನು ಅಕ್ಕಾ ಎನ್ನುತ್ತಿದ್ದೆ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಐವತ್ತಾರು. ಮೂಲ ವಿಜಯಪುರದ ಕಡೆ. ಪುಣೆಯ ಹಡಪಸರದ ಒಂದು ಸಾಗಾಣಿಕೆ ಕಚೇರಿಯಲ್ಲಿ ಲಾರಿಗಳ ಕಾಗದಪತ್ರ ನೋಡಿಕೊಳ್ಳುತ್ತಿದ್ದರು: ಯಾವ ಗಾಡಿಯ ಪರ್ಮಿಟ್ ಯಾವಾಗ ಮುಗಿಯುತ್ತದೆ, ಯಾವುದರ ಫಿಟ್ನೆಸ್ ಸರ್ಟಿಫಿಕೇಟ್ ಆಗಬೇಕು ಎಂಬುದೆಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ತಮ್ಮನೊಬ್ಬ ಸೊಲ್ಲಾಪುರದಲ್ಲಿ. ನಾನು ಹುಬ್ಬಳ್ಳಿಯವಳು, ಮದುವೆ ಮುರಿದು ಹನ್ನೊಂದು ವರ್ಷವಾಗಿತ್ತು. ಹಡಪಸರದಲ್ಲಿ ಮೂರನೆಯ ಮಹಡಿಯ ಒಂದು ಕೋಣೆ, ಒಂದು ಅಡಿಗೆಮನೆಯ ಮನೆಯಲ್ಲಿ ಬಾಡಿಗೆಗಿದ್ದೆ. ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯ ಬಸ್ಸು ಹತ್ತುವ ಮೊದಲು ಪಕ್ಕದ ಮಗರಪಟ್ಟಾ ಬಡಾವಣೆಯ ಒಳರಸ್ತೆಗಳಲ್ಲಿ ಓಡುತ್ತಿದ್ದೆ. ಅಲ್ಲಿ ಆ ಹೊತ್ತಿಗೆ ವಾಹನ ಕಡಿಮೆ, ದೀಪಗಳಿರುತ್ತವೆ, ಕಾವಲಿನವರಿರುತ್ತಾರೆ.

ನಮ್ಮ ಪರಿಚಯವಾದದ್ದು ಒಂದು ನಾಯಿಯಿಂದ. ಅದು ನನ್ನ ಹಿಂದೆ ಬಿದ್ದಾಗ ನಾನು ತಿರುಗಿ ‘ಹಚಾ’ ಎಂದೆ. ಪುಣೆಯಲ್ಲಿ ನಾಯಿ ಓಡಿಸುವವರು ‘ಹಾಡ್’ ಎನ್ನುತ್ತಾರೆ. ಎದುರಿನಿಂದ ಸಲ್ವಾರಿನ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡು ಬರುತ್ತಿದ್ದ ಹೆಂಗಸು ನಿಂತುಬಿಟ್ಟರು.

“ಯಾವೂರಾಕಿ ನೀ? ಇಲ್ಲೀ ನಾಯಿಗೆ ಕನ್ನಡ ತಿಳಿಯಂಗಿಲ್ಲ, ನನಗ ತಿಳೀತದ,” ಎಂದರು.

ಆ ದಿನದಿಂದ ಜೊತೆಗೆ ಓಡತೊಡಗಿದೆವು. ಮೊದಲು ಅವರು ನಡೆಯುತ್ತಿದ್ದರು ಅಷ್ಟೆ. ಆರು ತಿಂಗಳಲ್ಲಿ ಐದು ಕಿಲೋಮೀಟರ್ ನಿಲ್ಲದೆ ಓಡಿದರು. ಡಿಸೆಂಬರಿನಲ್ಲಿ ನಗರದಲ್ಲಿ ನಡೆಯುವ ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟಾಗ ಕಚೇರಿಯ ಲಾರಿ ಚಾಲಕರು ಬಹಳ ನಕ್ಕರಂತೆ. ಹಿಂದೆ ಒಂದು ಆಂಬುಲೆನ್ಸ್ ಕಳಿಸೋಣವೇ ಮೇಡಂ ಎಂದು ಒಬ್ಬ ಕೇಳಿದನಂತೆ. ‘ಕಳಸು, ಆದ್ರ ಅದರ ಫಿಟ್ನೆಸ್ ಮುಗದದ, ಮೊದಲ ಅದನ್ನ ಮಾಡಿಸು’ ಎಂದು ಅವನ ಬಾಯಿ ಮುಚ್ಚಿಸಿದ್ದನ್ನು ನನಗೆ ಎರಡು ಸಲ ಹೇಳಿದರು. ಓಡುತ್ತ ಓಡುತ್ತ ಹೀಗೆ ಮಾತಾಡುವುದು ಅವರಿಗೆ ಸಾಧ್ಯವಿತ್ತು. ನನಗೆ ಏದುಸಿರು ಬರುತ್ತಿತ್ತು, ಅವರಿಗೆ ಮಾತು ಬರುತ್ತಿತ್ತು.

ನನ್ನ ಕೈಯಲ್ಲಿ ಆಗಲೇ ಒಂದು ವಾಚ್ ಇತ್ತು. ಅದನ್ನು ನೋಡಿ ಅವರೂ ಅಂಥದ್ದೇ ಕೊಂಡರು. ರಾತ್ರಿ ಕಟ್ಟಿಕೊಂಡು ಮಲಗಿದರೆ ಅದು ಹೃದಯದ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ ಎಷ್ಟು ಹೊತ್ತು ಕಳೆಯಿತೆಂದು ನೋಡುತ್ತದೆ. ನಾವು ಅಂದುಕೊಂಡಂತೆ ಹೃದಯ ಗಡಿಯಾರದ ಹಾಗೆ ಬಡಿಯುವುದಿಲ್ಲ. ಮೈ ಚೆನ್ನಾಗಿ ವಿಶ್ರಾಂತಿ ಪಡೆದಿದ್ದರೆ ಬಡಿತಗಳ ನಡುವಿನ ಅಂತರ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಆಗುತ್ತಿರುತ್ತದೆ. ದಣಿದಿದ್ದರೆ, ಚಿಂತೆಯಲ್ಲಿದ್ದರೆ, ಜ್ವರ ಬರುವ ಹಾಗಿದ್ದರೆ ಅಂತರ ಸಮನಾಗುತ್ತ ಹೋಗುತ್ತದೆ. ಈ ವ್ಯತ್ಯಾಸವನ್ನೇ ವಾಚ್ ಬೆಳಿಗ್ಗೆ ಒಂದು ಅಂಕಿಯಾಗಿ ತೋರಿಸುತ್ತದೆ. ಒಬ್ಬೊಬ್ಬರ ಅಂಕಿ ಒಂದೊಂದು. ನನ್ನದು ಮೂವತ್ತರ ಆಸುಪಾಸು, ಅಕ್ಕನದು ಇಪ್ಪತ್ತೈದರ ಆಸುಪಾಸು. ನಮ್ಮ ನಮ್ಮ ಅಂಕಿಗಿಂತ ಕೆಳಗೆ ಬಿದ್ದ ದಿನ ಜೋರಾಗಿ ಓಡಿದರೆ ಲಾಭವಿಲ್ಲ, ಹಾನಿಯೇ. ಮೇಲಿದ್ದ ದಿನ ಮೈ ಸಿದ್ಧವಾಗಿದೆ ಎಂದು ಅರ್ಥ.

ಇದನ್ನು ಅಕ್ಕನಿಗೆ ಹೇಳುವಾಗ ನನಗೆ ಸಿಕ್ಕ ಪದ ಏರುಪೇರು. ಹೃದಯದ ಬಡಿತದಲ್ಲಿ ಏರುಪೇರು ಎಷ್ಟಿದೆ ಎಂದು ಇದು ತೋರಿಸುತ್ತದೆ, ಏರುಪೇರು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದೆ. ಅವರು ನಡೆಯುವುದನ್ನೇ ನಿಲ್ಲಿಸಿದರು.

“ನಮ್ಮ ಕಡೆ ಒಬ್ಬರ ತಬ್ಯೇತ ಏರುಪೇರು ಆತಂದ್ರ ಮಂದಿ ಹಣ್ಣು ತಗೊಂಡು ನೋಡಲಿಕ್ಕೆ ಬರ್ತಾರ. ನೀ ನೋಡಿದ್ರ ಅದ ಬೇಕಂತೀ.”

ಇದು ಬೇರೆ ಏರುಪೇರು ಎಂದೆ. ಬೇರೆ ಎಂದರೆ ಹೇಗೆ ಬೇರೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನಗೂ ಬರುತ್ತಿರಲಿಲ್ಲ. ನನ್ನ ಕೆಲಸದಲ್ಲಿ ಏರುಪೇರು ಅಂದರೆ ದೋಷ. ದಿನವಿಡೀ ಅದನ್ನು ಕಡಿಮೆ ಮಾಡುವುದಕ್ಕೇ ಸಂಬಳ. ಅದು ಒಳ್ಳೆಯದಾಗಿರುವ ಒಂದು ಜಾಗವಿದೆ ಎನ್ನುವುದು ನನಗೆ ಇಷ್ಟವಾಗಿತ್ತು.

ಗೇಜ್ ರೂಮಿನ ಪದ್ಧತಿಯನ್ನೇ ನಾನು ಇಲ್ಲಿಗೂ ತಂದೆ. ಹಳೆಯ ವರ್ಷದ ಒಂದು ಡೈರಿ ತೆಗೆದು ಗೆರೆ ಹಾಕಿದೆ. ಪ್ರತಿದಿನ ಬೆಳಿಗ್ಗೆ ಐದರ ಒಳಗೆ ಅಕ್ಕ ನನಗೆ ಎರಡು ಅಂಕಿ ಕಳಿಸಬೇಕು: ಒಂದು ಈ ಏರುಪೇರಿನದು, ಇನ್ನೊಂದು ನಿದ್ದೆಯಲ್ಲಿ ನಾಡಿ ನಿಮಿಷಕ್ಕೆ ಎಷ್ಟಿತ್ತು ಎಂಬುದು. ನಾನು ಡೈರಿಯಲ್ಲಿ ಬರೆದು, ಹಿಂದಿನ ವಾರದ ಸರಾಸರಿಯ ಜೊತೆ ಹೋಲಿಸಿ, ಮೂರರಲ್ಲಿ ಒಂದು ಮಾತು ತಿರುಗಿ ಕಳಿಸುತ್ತಿದ್ದೆ. ಹಸಿರಾದರೆ ‘ಓಡ್ರಿ.’ ಹಳದಿಯಾದರೆ ‘ಸಾವಕಾಶ.’ ಕೆಂಪಾದರೆ ‘ಮಲಕೋರಿ.’ ಕೆಂಪು ಬಂದ ದಿನ ಮನೆಯಿಂದ ಹೊರಡುವಂತೆಯೇ ಇರಲಿಲ್ಲ. ಇಬ್ಬರಲ್ಲಿ ಯಾರಿಗೆ ಕೆಂಪು ಬಂದರೂ ಇನ್ನೊಬ್ಬರು ಒಂಟಿಯಾಗಿ ಓಡಬೇಕು.

ಒಂದು ಸಲ ಅಕ್ಕ ಕೇಳಿದರು, “ಕೆಂಪ ಬಂದ್ರ ಚಹಾಕ್ಕೂ ಬರಬಾರದೇನು?”

ಓಟ ಮುಗಿಸಿ ನಾವು ಗಾಡಿತಳದ ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿಯಲ್ಲಿ ನಿಂತೇ ಚಹಾ ಕುಡಿಯುತ್ತಿದ್ದೆವು. ಹತ್ತು ನಿಮಿಷ. ಅದಾದ ಮೇಲೆ ನನ್ನ ಬಸ್ಸು. ನಾನು ಹೇಳಿದೆ, ಕೆಂಪು ಬಂದ ದಿನ ಆ ಒಂದು ಗಂಟೆ ಹೆಚ್ಚು ಮಲಗಿದರೆ ಮರುದಿನ ಅಂಕಿ ಏರುತ್ತದೆ, ಚಹಾ ಕುಡಿಯಲು ನಸುಕಿನಲ್ಲಿ ಎದ್ದು ಬಂದರೆ ಏನು ಪ್ರಯೋಜನ? ಅವರು ಸರಿ ಎಂದರು. ಆಮೇಲೆ ಅವರಿಗೆ ಕೆಂಪು ಬರುವುದು ಬಹಳ ಕಡಿಮೆಯಾಯಿತು. ನನ್ನ ಪದ್ಧತಿ ಫಲ ಕೊಡುತ್ತಿದೆ ಎಂದುಕೊಂಡೆ. ಡೈರಿಯ ಒಂದು ಅಂಚಿನಲ್ಲಿ ‘ಉತ್ತಮ’ ಎಂದು ಬರೆದದ್ದೂ ಇದೆ.

ದೀಪಾವಳಿ ಮುಗಿದ ವಾರ ನನಗೆ ಜ್ವರ ಬಂತು. ನನ್ನ ಅಂಕಿ ಹದಿನೇಳಕ್ಕೆ ಇಳಿಯಿತು. ಕಾರ್ಖಾನೆಗೂ ರಜೆ ಹಾಕಿ ನಾಲ್ಕು ದಿನ ಕೋಣೆಯಲ್ಲಿ ಮಲಗಿದೆ. ಆ ನಾಲ್ಕು ದಿನ ನಾನು ಗಟ್ಟಿಯಾಗಿ ಆಡಿದ ಮಾತುಗಳನ್ನು ಈಗಲೂ ಎಣಿಸಿ ಹೇಳಬಲ್ಲೆ. ಹಾಲಿನವನಿಗೆ ಬಾಗಿಲಲ್ಲೇ ಇಟ್ಟು ಹೋಗಲು ಹೇಳಿದ್ದು, ಔಷಧಿ ಅಂಗಡಿಗೆ ಮಾಡಿದ ಒಂದು ಫೋನು. ಅಷ್ಟೇ. ಅಕ್ಕ ಬರುತ್ತೇನೆ ಎಂದು ಮೆಸೇಜ್ ಕಳಿಸಿದ್ದರು; ನಿಮಗೂ ಅಂಟಿಕೊಂಡರೆ ಓಟ ಕೆಡುತ್ತದೆ, ಬೇಡ ಎಂದು ನಾನೇ ಬರೆದಿದ್ದೆ. ನೀನಿಲ್ಲದೆ ನಾನೂ ಓಡುವುದಿಲ್ಲ ಎಂದು ಅವರು ಬರೆದರು.

ಎರಡನೆಯ ದಿನದವರೆಗೆ ಅವರ ಅಂಕಿ ಇಪ್ಪತ್ತೇಳು. ಮೂರನೆಯ ದಿನ ಅರವತ್ತೊಂದು. ನಾಲ್ಕನೆಯ ದಿನ ಎಪ್ಪತ್ತನಾಲ್ಕು. ಐದನೆಯ ದಿನ ಎಂಬತ್ತೆಂಟು.

ಇಂಥ ಅಂಕಿ ಅವರಿಗೆ ಎಂದೂ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ. ವಾಚಿನ ಆ್ಯಪ್ ಅದನ್ನು ಹಸಿರು ಬಣ್ಣದಲ್ಲಿ, ಮೇಲ್ಮುಖದ ಬಾಣದ ಜೊತೆ ತೋರಿಸುತ್ತಿತ್ತು. ಓಟ ನಿಲ್ಲಿಸಿದ್ದರಿಂದ ಮೈಗೆ ಪೂರ್ಣ ವಿಶ್ರಾಂತಿ ಸಿಕ್ಕಿದೆ, ಅದಕ್ಕೇ ಏರಿದೆ ಎಂದು ಡೈರಿಯಲ್ಲಿ ಬರೆದೆ. ಅದರ ಪಕ್ಕದ ಅಂಕಣದಲ್ಲಿ ನಾಡಿ. ಯಾವಾಗಲೂ ಐವತ್ತೆಂಟು ಇರುತ್ತಿದ್ದದ್ದು ಎಪ್ಪತ್ತಾರು ಆಗಿತ್ತು. ಅದನ್ನೂ ನನ್ನ ಕೈಯಿಂದಲೇ ಬರೆದಿದ್ದೇನೆ. ಮೈ ವಿಶ್ರಾಂತಿಯಲ್ಲಿದ್ದರೆ ನಾಡಿ ಇಳಿಯಬೇಕು, ಏರಬಾರದು. ಒಂದು ಅಂಕಿ ಚೆನ್ನಾಗಿದ್ದೀರಿ ಎನ್ನುತ್ತಿತ್ತು, ಇನ್ನೊಂದು ಇಲ್ಲ ಎನ್ನುತ್ತಿತ್ತು. ಹಬ್ಬದ ಕರಿದ ತಿಂಡಿಯಿಂದ ಇರಬಹುದು ಎಂದುಕೊಂಡು ಪುಟ ತಿರುವಿದೆ.

ಇನ್ನೂ ಒಂದು ಸಂಗತಿ ಇದೆ. ಗೇಜ್ ರೂಮಿನಲ್ಲಿ ಕೆಟ್ಟ ಅಂಕಿ ಬಂದರೆ ನಾವು ಮೂರು ಸಲ ಅಳೆದು ನೋಡುತ್ತೇವೆ. ಒಳ್ಳೆಯ ಅಂಕಿ ಬಂದರೆ ಒಂದೇ ಸಲ.

ಆ ಐದನೆಯ ದಿನ ಬೆಳಿಗ್ಗೆ ಐದು ಹತ್ತಕ್ಕೆ ಅಕ್ಕ ಫೋನ್ ಮಾಡಿದರು. ಅವರು ಯಾವಾಗಲೂ ಮೆಸೇಜ್ ಕಳಿಸುವವರು, ಆ ಹೊತ್ತಿನಲ್ಲಿ ಫೋನ್ ಮಾಡಿದ್ದು ಅದೇ ಮೊದಲು.

“ತಂಗೀ, ರಾತ್ರಿಯಿಂದ ಎದ್ಯಾಗ ಏನೋ ಏರುಪೇರು ಆಗ್ಲಿಕತ್ತದ. ಬರಲ್ಯೋ ಬ್ಯಾಡೋ?”

ನಾನು ಆಗಲೇ ಬೂಟು ಹಾಕಿಕೊಂಡಿದ್ದೆ.

“ಏರುಪೇರು ಇರಬೇಕ್ರಿ ಅಕ್ಕಾರ,” ಎಂದೆ. “ಎಂಬತ್ತೆಂಟು ಬಂದದ ಅಂದ್ರ ಅದರ ಅರ್ಥನ ಅದು. ಇವತ್ತ ಜೋರ್ ಓಡೂಣು, ಬರ್ರಿ.”

“ನೀ ಅಂದ್ಮ್ಯಾಲ ಆತು ಬಿಡು,” ಎಂದರು.

ಅವರು ಹೇಳಿದ ಏರುಪೇರು ನಮ್ಮ ಊರಿನ ಏರುಪೇರು, ಹಣ್ಣು ತೆಗೆದುಕೊಂಡು ನೋಡಲು ಬರುವಂಥದ್ದು. ನಾನು ಕೇಳಿಸಿಕೊಂಡದ್ದು ವಾಚಿನದು. ಅವರು ‘ಎದಿ ಹಾರ್ತದ’ ಎಂದೋ ‘ಧಡಧಡ ಅಂತದ’ ಎಂದೋ ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆನೋ ಏನೋ. ಆದರೆ ಆ ಪದವನ್ನು ಅವರಿಗೆ ಕೊಟ್ಟವಳೇ ನಾನು. ಎದೆಯ ವಿಷಯ ಮಾತಾಡಲು ನಮ್ಮಿಬ್ಬರ ನಡುವೆ ಅದೊಂದೇ ಪದ ಬಳಕೆಯಲ್ಲಿತ್ತು.

ಐದೂ ಮುಕ್ಕಾಲಿಗೆ ಓಡಲು ಶುರು ಮಾಡಿದೆವು. ಜ್ವರದಿಂದ ಎದ್ದ ನನ್ನ ಕಾಲುಗಳಲ್ಲಿ ಬಲವಿರಲಿಲ್ಲ, ಆದರೂ ಖುಷಿಯಾಗಿತ್ತು. ಅಕ್ಕ ಮಾತು ಕಡಿಮೆ ಆಡುತ್ತಿದ್ದರು. ಜೋರಾಗಿ ಓಡುತ್ತಿರುವುದರಿಂದ ಎಂದುಕೊಂಡೆ. ಬಡಾವಣೆಯ ಉದ್ಯಾನದ ಹೊರಸುತ್ತಿನ ಎರಡನೆಯ ಸುತ್ತಿನಲ್ಲಿ ಅವರು ಹಿಂದೆ ಬಿದ್ದರು. ಮೂವತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದೆ. ಒಂದು ದೀಪದ ಕಂಬವನ್ನು ಎಡಗೈಯಿಂದ ಹಿಡಿದು ನಿಂತಿದ್ದರು. ಹತ್ತಿರ ಹೋದೆ. ನನ್ನ ಮುಖ ನೋಡಿ, ಬಹಳ ಗಂಭೀರವಾಗಿ, “ಚಮಚಾ” ಎಂದರು.

ನಾನು ನಕ್ಕೆ. ಅವರು ಯಾವಾಗಲೂ ಏನಾದರೊಂದು ಹೇಳಿ ನಗಿಸುವವರು. ಇದು ಯಾವ ತಮಾಷೆ ಎಂದು ಕಾಯುತ್ತ ನಗುತ್ತಲೇ ನಿಂತೆ. ಅವರು ಮತ್ತೊಮ್ಮೆ “ಚಮಚಾ, ಚಮಚಾ” ಎಂದರು. ಹೇಳುತ್ತಿರುವುದು ತಪ್ಪೆಂದು ಅವರಿಗೇ ಗೊತ್ತಾಗುತ್ತಿತ್ತು. ಕಣ್ಣಿನಲ್ಲಿ ಅದು ಕಾಣುತ್ತಿತ್ತು. ಆಗ ನನಗೆ ಬಾಯಿಯ ಬಲಭಾಗ ಕೆಳಗೆ ಜಾರಿರುವುದು ಕಂಡಿತು. ಬಲಗೈಯಲ್ಲಿದ್ದ ಕರವಸ್ತ್ರ ನೆಲಕ್ಕೆ ಬಿತ್ತು. ಬಿದ್ದದ್ದು ಅವರಿಗೆ ತಿಳಿಯಲಿಲ್ಲ.

ಕಾವಲಿನವನು ರಿಕ್ಷಾ ನಿಲ್ಲಿಸಿದ. ಆಸ್ಪತ್ರೆಗೆ ಮುಟ್ಟಿದಾಗ ಆರು ನಲವತ್ತು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, ಇವರು ಸರಿಯಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ? ಅವರ ವಾಚಿನಲ್ಲಿ ಓಟದ ವೇಗದ ಗೆರೆ ಇತ್ತು. ಅದು ಆರು ಹನ್ನೆರಡಕ್ಕೆ ನೆಟ್ಟಗೆ ಕೆಳಗೆ ಬಿದ್ದಿತ್ತು. ಆರು ಹನ್ನೆರಡು ಎಂದೆ. ವೈದ್ಯರು ತಲೆ ಎತ್ತಿ ನೋಡಿದರು. ಇಷ್ಟು ನಿಖರವಾಗಿ ಯಾರೂ ಹೇಳುವುದಿಲ್ಲ, ಇದರಿಂದ ಬಹಳ ಅನುಕೂಲವಾಯಿತು ಎಂದರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೆ ಕರಗಿಸಲು ಕೊಡುವ ಚುಚ್ಚುಮದ್ದಿಗೆ ಸಮಯದ ಲೆಕ್ಕ ಬೇಕಂತೆ.

ಎರಡನೆಯ ಪ್ರಶ್ನೆಯನ್ನು ಅವರು ಮರಾಠಿಯಲ್ಲಿ ಕೇಳಿದರು. “ಛಾತೀತ ಧಡಧಡ ಹೋತ ಹೋತೀ ಕಾ?” ಎದೆ ಧಡಧಡ ಎನ್ನುತ್ತಿತ್ತೇ?

“ಮಾಹೀತ ನಾಹೀ,” ಎಂದೆ. ಗೊತ್ತಿಲ್ಲ.

ಈ ಸುಳ್ಳಿಗೆ ನಾನು ಯೋಚನೆ ಮಾಡಲಿಲ್ಲ, ಅದು ಬಂದುಬಿಟ್ಟಿತು. ಅದರಿಂದ ಚಿಕಿತ್ಸೆಗೆ ತೊಂದರೆಯಾಗಲಿಲ್ಲ. ಎದೆಗೆ ತಂತಿಗಳನ್ನು ಅಂಟಿಸಿ ತೆಗೆದ ಕಾಗದದಲ್ಲಿ ಎಲ್ಲವೂ ಕೆಲವೇ ನಿಮಿಷಗಳಲ್ಲಿ ಕಂಡಿತು. ಆದರೂ ಆರು ಹನ್ನೆರಡು ಎಂದು ಹೇಳಿದ ಬಾಯಿಯೇ ಅದನ್ನೂ ಹೇಳಿತು, ಎರಡರ ನಡುವೆ ಒಂದು ನಿಮಿಷವೂ ಇರಲಿಲ್ಲ.

ಅವರನ್ನು ಸ್ಕ್ಯಾನಿಗೆ ಒಯ್ಯುವ ಮೊದಲು ತಮ್ಮನಿಗೆ ತಿಳಿಸಬೇಕಿತ್ತು. ಫೋನ್ ತೆರೆಯಲು ಅವರ ಬಲಗೈ ಹೆಬ್ಬೆರಳು ಬೇಕು. ಆ ಕೈಯನ್ನು ನಾನು ಎತ್ತಿ, ಬೆರಳನ್ನು ಫೋನಿಗೆ ಒತ್ತಿದೆ. ಇಷ್ಟು ತಿಂಗಳು ಜೊತೆಯಲ್ಲಿ ಓಡಿ, ಅವರ ಹೃದಯದ ಲೆಕ್ಕ ಬರೆದವಳು, ಅವರ ಕೈಯನ್ನು ಹಿಡಿದದ್ದು ಅದೇ ಮೊದಲು. ಬೆಚ್ಚಗಿತ್ತು, ಮತ್ತು ಭಾರವಾಗಿತ್ತು.

ತಮ್ಮನ ಜೊತೆ ಮಾತಾಡಿದ ಮೇಲೆ, ವೈದ್ಯರಿಗೆ ತೋರಿಸೋಣವೆಂದು ಅವರ ಫೋನಿನಲ್ಲಿ ವಾಚಿನ ಆ್ಯಪ್ ತೆರೆದೆ. ಎಂಬತ್ತೆಂಟು, ಎಪ್ಪತ್ತನಾಲ್ಕು, ಅರವತ್ತೊಂದು ಸರಿಯಾಗಿ ಇದ್ದವು. ಬೆರಳು ಇನ್ನೂ ಹಿಂದಕ್ಕೆ ಸರಿಸಿತು. ಅಲ್ಲಿ ಒಂದು ದಿನ ಹತ್ತೊಂಬತ್ತು ಎಂದಿತ್ತು. ನನಗೆ ಆ ದಿನ ನೆನಪಿತ್ತು, ಹತ್ತೊಂಬತ್ತು ನಾನು ಬರೆದಿರಲಿಲ್ಲ. ನನ್ನ ಫೋನಿನಲ್ಲಿ ಆ ದಿನದ ಅವರ ಮೆಸೇಜ್ ತೆಗೆದೆ. ಇಪ್ಪತ್ತಾರು.

ಗೋಡೆಗೆ ಒರಗಿ ಕೂತು ಎರಡೂ ಫೋನುಗಳನ್ನು ಹಿಡಿದು ಒಂದೊಂದೇ ದಿನ ತಾಳೆ ನೋಡಿದೆ. ಹನ್ನೊಂದು ದಿನ ಅವರು ಅಂಕಿಯನ್ನು ಏರಿಸಿ ಕಳಿಸಿದ್ದರು. ಪ್ರತಿಯೊಂದೂ ನಿಜ ಹೇಳಿದ್ದರೆ ಕೆಂಪು ಬರುತ್ತಿದ್ದ ದಿನ. ಎಲ್ಲವೂ ನಾನು ಚಹಾ ಬೇಡ ಎಂದ ದಿನದ ನಂತರದವು. ಆ ಹನ್ನೊಂದು ದಿನವೂ ನಾವು ಓಡಿದ್ದೆವು, ಗಾಡಿತಳದಲ್ಲಿ ನಿಂತು ಚಹಾ ಕುಡಿದಿದ್ದೆವು. ಅವರು ಚಾಲಕರ ಕಥೆ ಹೇಳಿದ್ದರು.

ನಾಡಿಯ ಅಂಕಿಯನ್ನು ಮಾತ್ರ ಒಂದು ದಿನವೂ ಬದಲಿಸಿರಲಿಲ್ಲ. ಅದನ್ನು ನಾನು ನೋಡುವುದಿಲ್ಲ ಎಂದು ಅವರಿಗೆ ಗೊತ್ತಾಗಿದ್ದಿರಬೇಕು.

ಸಂಜೆ ಕಿರಿಯ ವೈದ್ಯರೊಬ್ಬರಿಗೆ ಕೊನೆಯ ಮೂರು ದಿನದ ಅಂಕಿಗಳನ್ನು ತೋರಿಸಿ, ಬೆಳಿಗ್ಗೆ ಗೊತ್ತಿಲ್ಲ ಎಂದದ್ದು ಸುಳ್ಳೆಂದು ಹೇಳಿದೆ. ಅವರು ಬೈಯಲಿಲ್ಲ. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ನಡುಗತೊಡಗಿವೆ ಎಂದರು. ಹಾಗಾದಾಗ ಬಡಿತಗಳ ನಡುವಿನ ಅಂತರಕ್ಕೆ ಯಾವ ಕ್ರಮವೂ ಇರುವುದಿಲ್ಲ. ವಾಚ್ ಅಂತರದ ವ್ಯತ್ಯಾಸವನ್ನು ಅಳೆಯುತ್ತದೆ. ಆ ವ್ಯತ್ಯಾಸ ಆರಾಮದಿಂದ ಬಂದದ್ದೋ ಅವ್ಯವಸ್ಥೆಯಿಂದ ಬಂದದ್ದೋ ಆ ಒಂದು ಅಂಕಿಗೆ ಗೊತ್ತಾಗುವುದಿಲ್ಲ. ಸರಿಯಾಗಿ ಮುಂದೆ ಹೋಗದ ರಕ್ತ ಒಳಗೆ ನಿಂತು ಹೆಪ್ಪಾಗುತ್ತದೆ, ಆ ಹೆಪ್ಪು ಮೆದುಳಿಗೆ ಹೋಗುತ್ತದೆ. ಮೂರು ದಿನದಿಂದ ಹೀಗೇ ಇತ್ತು ಅನ್ನಿಸುತ್ತದೆ, ಎಂದರು. ಓಡದೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಕೇಳಿದೆ. ಹಾಗೆ ಹೇಳಲಾಗದು, ಮನೆಯಲ್ಲಿ ಕೂತಿದ್ದರೂ ಆಗಬಹುದಿತ್ತು ಎಂದರು. ಅಂದು ಬೆಳಿಗ್ಗೆ ಓಡುವ ಬದಲು ಆಸ್ಪತ್ರೆಗೆ ಬಂದಿದ್ದರೆ? ಅವರು ಫೋನನ್ನು ನನ್ನ ಕೈಗೆ ಕೊಟ್ಟರು.

ಎಂಟು ದಿನದ ನಂತರ ತಮ್ಮ ಅವರನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಕಾಲು ಸುಧಾರಿಸಿತ್ತು, ಕೈ ಸ್ವಲ್ಪ, ಮಾತು ಇಲ್ಲವೇ ಇಲ್ಲ. ಕಾರು ಹತ್ತುವಾಗ ತಮ್ಮ ನನಗೆ ಕೈಮುಗಿದು, ನೀವಿದ್ದದ್ದಕ್ಕೆ ಉಳಿದಳ್ರಿ ಎಂದರು. ಅಕ್ಕ ನನ್ನನ್ನೇ ನೋಡುತ್ತಿದ್ದರು. ನಾನು ಕಾರಿನ ಬಾಗಿಲು ಮುಚ್ಚಿದೆ.

ಆಮೇಲಿನ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ನಾಲ್ಕೂ ಐವತ್ತಕ್ಕೆ ಎಚ್ಚರವಾಗುತ್ತಿತ್ತು. ನನ್ನ ಅಂಕಿ ಬರುತ್ತಿತ್ತು: ಹದಿನಾರು, ಹದಿನೈದು, ಹದಿನಾಲ್ಕು. ಇಂದು ವಿಶ್ರಾಂತಿ ತೆಗೆದುಕೊಳ್ಳಿ ಎಂದು ವಾಚ್ ಹೇಳುತ್ತಿತ್ತು. ಅದು ಹೇಳಿದಂತೆ ಕೋಣೆಯಲ್ಲೇ ಉಳಿಯುತ್ತಿದ್ದೆ. ಮರುದಿನ ಇನ್ನೂ ಇಳಿಯುತ್ತಿತ್ತು. ಮಲಗಿದಷ್ಟೂ ಏರಬೇಕಾದ ಅಂಕಿ ಯಾಕೆ ಏರುತ್ತಿಲ್ಲ ಎಂದು ನನಗೆ ಬಹಳ ದಿನ ಹೊಳೆಯಲಿಲ್ಲ. ಡಿಸೆಂಬರಿನ ಓಟದ ದಿನ ಕಿಟಕಿಯಲ್ಲಿ ನಿಂತಿದ್ದೆ. ಕೆಳಗೆ ನಂಬರು ಅಂಟಿಸಿಕೊಂಡ ಬನಿಯನ್ನಿನವರು ಇಬ್ಬರು ರಿಕ್ಷಾ ಹುಡುಕುತ್ತಿದ್ದರು. ಕಾರ್ಖಾನೆಯ ಬಸ್ಸಿನಲ್ಲಿ ಪಕ್ಕದವರು ಮರಾಠಿಯಲ್ಲಿ ಏನಾದರೂ ಕೇಳಿದರೆ ಉತ್ತರಿಸುತ್ತಿದ್ದೆ. ಕನ್ನಡದ ಒಂದು ಶಬ್ದವೂ ಬಾಯಿಂದ ಬಾರದೆ ವಾರಗಳು ಕಳೆದವು.

ಫೆಬ್ರವರಿಯಲ್ಲಿ ತಮ್ಮನ ಹೆಂಡತಿ ಫೋನ್ ಮಾಡಿ, ಅಕ್ಕ ಈಗ ನಾಲ್ಕಾರು ಮಾತು ಆಡುತ್ತಾರೆ, ಒಮ್ಮೆ ಬಂದು ಹೋಗಿ ಎಂದರು. ನಾನು ಹಣ್ಣು ತೆಗೆದುಕೊಂಡು ರೈಲು ಹತ್ತಿದೆ.

ಅಕ್ಕ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅದೇ ಗಂಡಸರ ಸ್ವೆಟರ್. ನಾನು ಗೇಟು ತೆಗೆದಾಗ ಬೀದಿಯ ನಾಯಿಯೊಂದು ನನ್ನ ಜೊತೆಯೇ ಒಳಗೆ ನುಗ್ಗಿತು. ಅವರು “ಹಚಾ” ಎಂದರು, ಒಂದಿಷ್ಟೂ ತೊದಲದೆ. ಇಂಥವು ಸುಲಭವಾಗಿ ಬರುತ್ತವೆ, ಬೇಕೆಂದು ಆಡಹೋದ ಮಾತು ಬರುವುದಿಲ್ಲ ಎಂದು ತಮ್ಮನ ಹೆಂಡತಿ ಹೇಳಿ, ಹಣ್ಣಿನ ಚೀಲ ತೆಗೆದುಕೊಂಡು ಒಳಗೆ ಹೋದರು.

ನಾನು ಮೆಟ್ಟಿಲ ಮೇಲೆ ಕೂತೆ. ರೈಲಿನಲ್ಲಿ ಹೇಳಬೇಕಾದದ್ದನ್ನು ಕ್ರಮವಾಗಿ ಜೋಡಿಸಿಕೊಂಡಿದ್ದೆ, ಹಾಗೆಯೇ ಹೇಳಿದೆ. ಏರುಪೇರು ಎಂಬ ಮಾತನ್ನು ತಪ್ಪಾಗಿ ಕಲಿಸಿದ್ದು ನಾನು. ನೀವು ಫೋನ್ ಮಾಡಿ ಕೇಳಿದಾಗ ಇರಬೇಕು ಎಂದದ್ದು ನಾನು. ನಾಡಿ ಎಪ್ಪತ್ತಾರು ಇದ್ದದ್ದನ್ನು ನೋಡಿಯೂ ಬಿಟ್ಟದ್ದು ನಾನು. ಯಾಕೆ ಬಿಟ್ಟೆ ಎನ್ನುವುದು ಕೊನೆಗೆ ಉಳಿದಿತ್ತು. ಅದನ್ನು ರೈಲಿನಲ್ಲಿ ಜೋಡಿಸಿಕೊಂಡಿರಲಿಲ್ಲ.

“ನಾಕ ದಿನ ಯಾರ ಜೋಡಿನೂ ಮಾತಾಡಿದ್ದಿಲ್ರಿ ಅಕ್ಕಾ. ನನಗ ಹಸಿರು ಬೇಕಾಗಿತ್ತು.”

ಹನ್ನೊಂದು ದಿನಗಳ ಬಗ್ಗೆ ನಾನು ಏನೂ ಹೇಳಲಿಲ್ಲ. ಹೇಳಬಾರದೆಂದು ನಿರ್ಧರಿಸಿಯೇ ಹೋಗಿದ್ದೆ.

ಅಕ್ಕನಿಗೆ ಅರ್ಥವಾಯಿತೋ ಇಲ್ಲವೋ ಎಂದು ಅನುಮಾನ ಬಂತು. ತುಟಿ ಅಲುಗಾಡುತ್ತಿತ್ತು, ಪದ ಬರುತ್ತಿರಲಿಲ್ಲ. ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡರು.

“ನನಗೂ,” ಎಂದರು. ಉಸಿರು ತೆಗೆದುಕೊಂಡು, “ಬೇಕಾಗಿತ್ತು” ಎಂದು ಮುಗಿಸಿದರು.

ನಾನು ತಲೆಯಾಡಿಸಿದೆ. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಾಗಿರಬೇಕು. ಅವರು ನನ್ನನ್ನು ಕ್ಷಮಿಸಿದರು ಎಂದು ಬರೆದರೆ ತಪ್ಪಾಗುತ್ತದೆ. ಅವರು ಹಾಗೆ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈಯ ವಾಚ್ ಕಡೆ ಬೆರಳು ತೋರಿಸಿ ಹುಬ್ಬು ಏರಿಸಿದರು.

“ಹದಿನೈದು,” ಎಂದೆ. “ಕೆಂಪ್ರಿ.”

ಅವರ ಮುಖದ ಎಡಭಾಗ ಮೊದಲು ನಕ್ಕಿತು, ಬಲಭಾಗ ತಡವಾಗಿ.

“ಚಹಾ,” ಎಂದರು. ಒಳಗೆ ಕೇಳಿಸುವಷ್ಟು ಜೋರಾಗಿ.

ಚಹಾ ಕುಡಿದೆವು. ಅವರು ಬಸಿಗೆ ಸುರಿದುಕೊಂಡು, ಎಡಗೈಯಿಂದ. ಸಂಜೆಯ ರೈಲಿಗೆ ನಾನು ಹೊರಟೆ. ತಿಂಗಳಿಗೊಮ್ಮೆ ಬರುತ್ತೇನೆ ಎಂದೆ, ಈವರೆಗೆ ಹೋಗುತ್ತಿದ್ದೇನೆ. ಹಡಪಸರದಲ್ಲಿ ಉಳಿದ ದಿನಗಳು ಮೊದಲಿನಂತೆಯೇ ಇವೆ.

ಹಿಂದಿರುಗುವಾಗ ರೈಲಿನಲ್ಲಿ ಡೈರಿ ತೆಗೆದೆ. ಆಸ್ಪತ್ರೆಯಲ್ಲಿ ಗುರುತು ಹಾಕಿಕೊಂಡಿದ್ದ ಚೀಟಿ ಅದರಲ್ಲೇ ಇತ್ತು. ಹನ್ನೊಂದು ದಿನದ ಹನ್ನೊಂದು ಅಂಕಿಗಳ ಮೇಲೆ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ನಿಜವಾದದ್ದನ್ನು ಬರೆದು, ಸಹಿ ಮಾಡಿದೆ. ಇಪ್ಪತ್ತಾರರ ಪಕ್ಕದಲ್ಲಿ ಹತ್ತೊಂಬತ್ತು. ‘ಉತ್ತಮ’ ಎಂಬುದರ ಮೇಲೆಯೂ ಗೆರೆ ಎಳೆದೆ.

ಕೊನೆಯ ಪುಟಕ್ಕೆ ಬಂದೆ. ಅರವತ್ತೊಂದು, ಎಪ್ಪತ್ತನಾಲ್ಕು, ಎಂಬತ್ತೆಂಟು. ಅವುಗಳಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ನಾಡಿಯ ಎಪ್ಪತ್ತಾರೂ ಸರಿಯಾಗಿತ್ತು. ಆ ದಿನದ ಸಾಲಿನ ಕೊನೆಯಲ್ಲಿ ನನ್ನ ಅಕ್ಷರದಲ್ಲಿ ‘ಓಡ್ರಿ’ ಎಂದಿತ್ತು. ಅದರ ಮೇಲೆ ಒಂದೇ ಒಂದು ಗೆರೆ, ಕೆಳಗಿನದು ಓದಲು ಬರುವಂತೆ, ಎಳೆದೆ. ಪಕ್ಕದಲ್ಲಿ ಸಹಿ ಮಾಡಿದೆ.